ಜಮಾ-ಖರ್ಚಿನ ಶೀಟಲ್ಲಿ ಮೈನಸ್ ಮೊತ್ತಗಳ ರಿಪೇರಿ: ಶುರುವಿಂದ ಮಾಡಿದ್ದೆಲ್ಲ

ಒಂದು ಗುಂಪಿನ ಜಮಾ-ಖರ್ಚಿನ ಎಕ್ಸೆಲ್ ವರ್ಕ್‌ಬುಕ್ ರಿಪೇರಿಗೆ ಅಂತ ಕೈಗೆ ಬಂತು. ಬೇರೆಬೇರೆ ಜನ ಬೇರೆಬೇರೆ ಟೈಮಲ್ಲಿ ತುಂಬಿರೋ ಫೈಲು, ಒಂದಿಷ್ಟು ಕೈಯಲ್ಲಿ ಟೈಪ್ ಮಾಡಿದ್ದು, ಒಂದಿಷ್ಟು ಬ್ಯಾಂಕ್ ಸ್ಟೇಟ್‌ಮೆಂಟಿಂದ ಕಾಪಿ ಹೊಡೆದಿದ್ದು, ಇನ್ನೊಂದಿಷ್ಟು ಯಾವುದೋ ಅಕೌಂಟಿಂಗ್ ಸಾಫ್ಟ್‌ವೇರಿಂದ ಎಕ್ಸ್‌ಪೋರ್ಟ್ ಮಾಡಿ ತಂದು ಅಂಟಿಸಿದ್ದು. ಕೇಳಿದ್ದು ಒಂದೇ ಕೆಲಸ, "ಮೈನಸ್ ಮೊತ್ತಗಳೆಲ್ಲ ಒಂದೇ ಥರ ಕಾಣೋ ಹಂಗೆ ಮಾಡಿ ಕೊಡಿ". ತೆಗೆದು ನೋಡಿದ್ರೆ ಒಂದೇ ಕಾಲಮ್ಮಲ್ಲಿ -1,200.50 ಅಂತಾನೂ ಇದೆ, (1,200.50) ಅಂತಾನೂ ಇದೆ, 1,200.50- ಅಂತ ಬಾಲದಲ್ಲಿ ಮೈನಸ್ ಇಟ್ಕೊಂಡಿರೋದೂ ಇದೆ, ಸುಮ್ನೆ ಕೆಂಪಕ್ಷರದಲ್ಲಿ 1,200.50 ಅಂತ ಇರೋದೂ ಇದೆ. ಅಖೈರು ಶಿಲ್ಕು (ಕೊನೇಲಿ ಉಳಿಯೋ ಮೊತ್ತ) ಸ್ಟೇಟ್‌ಮೆಂಟ್ ಜೊತೆ ತಾಳೆ ಆಗ್ತಿಲ್ಲ ಅನ್ನೋ ದೂರೂ ಜೊತೆಗಿತ್ತು. ಈ ಎರಡೂ ಬೇರೆ ಬೇರೆ ಸಮಸ್ಯೆ ಅಂತ ಅವರು ಅಂದ್ಕೊಂಡಿದ್ರು, ಆದ್ರೆ ಇಂಥ ಫೈಲಲ್ಲಿ ಹೆಚ್ಚುಪಾಲು ಎರಡಕ್ಕೂ ಬೇರು ಒಂದೇ ಇರತ್ತೆ.

ಅದಕ್ಕೇ ಫಾರ್ಮ್ಯಾಟ್‌ಗೆ ಮೊದಲು ಕೈ ಹಾಕ್ಲಿಲ್ಲ. ಫಾರ್ಮ್ಯಾಟ್ ಅನ್ನೋದು ಸೆಲ್ಲಲ್ಲಿರೋ ಬೆಲೆ ಹೇಗೆ ಕಾಣಬೇಕು ಅಂತ ಮಾತ್ರ ಹೇಳತ್ತೆ, ಬೆಲೆಯನ್ನ ಮುಟ್ಟಲ್ಲ. ಒಳಗಿರೋದು ನಂಬರೇ ಅಲ್ಲ, ಬರೀ ಅಕ್ಷರಗಳ ಸಾಲು ಅಂತಾದ್ರೆ ಎಷ್ಟು ಒಳ್ಳೆ ಫಾರ್ಮ್ಯಾಟ್ ಕೊಟ್ರೂ ಅದಕ್ಕೆ ಏನೂ ಆಗಲ್ಲ, ಹಂಗೇ ಕೂತಿರತ್ತೆ. ಫೈಲ್ ಕಾಪಿ ಮಾಡಿ ಮೂಲದ್ದನ್ನ ಎತ್ತಿಟ್ಟು, ಕಾಪಿಯಲ್ಲಿ ಎಡಗಡೆ ಒಂದು ಕ್ರಮಸಂಖ್ಯೆ ಕಾಲಮ್ ಸೇರಿಸ್ದೆ. ಇದು ಮುಂದೆ ಸಾರ್ಟ್ ಮಾಡಿದಾಗ ಸಾಲುಗಳನ್ನ ವಾಪಸ್ ಮೊದಲಿನ ಕ್ರಮಕ್ಕೆ ತರೋಕೆ ಬೇಕೇ ಬೇಕು. ಆಮೇಲೆ ಮೊತ್ತದ ಕಾಲಮ್ ಪೂರ್ತಿ ಸೆಲೆಕ್ಟ್ ಮಾಡಿ ಜನರಲ್ ಫಾರ್ಮ್ಯಾಟ್‌ಗೆ ಇಳಿಸಿ, ಎಡ-ಬಲ ಅಲೈನ್‌ಮೆಂಟ್ ಏನು ಕೊಟ್ಟಿದ್ರೋ ಅದನ್ನೂ ತೆಗೆದೆ. ಈ ಒಂದು ಕೆಲಸದಿಂದಲೇ ಅರ್ಧ ಕಥೆ ಹೊರಗೆ ಬರತ್ತೆ, ಯಾಕಂದ್ರೆ ನಿಜವಾದ ನಂಬರುಗಳು ಬಲಕ್ಕೆ ಸರಿದು ನಿಲ್ಲತ್ವೆ, ಟೆಕ್ಸ್ಟ್ ಆಗಿರೋವು ಎಡಕ್ಕೆ ಅಂಟ್ಕೊಳತ್ವೆ. ಯಾರೋ ಮೊದಲು ಎಲ್ಲವನ್ನೂ ಬಲಕ್ಕೆ ಅಲೈನ್ ಮಾಡಿಟ್ಟಿದ್ದಕ್ಕೆ ಇಷ್ಟು ದಿನ ಗೊತ್ತಾಗಿರ್ಲಿಲ್ಲ.

ಕಣ್ಣಲ್ಲಿ ನೋಡೋದು ಸಾಲದು ಅಂತ ಪಕ್ಕದಲ್ಲಿ, ಸೆಲ್ಲಲ್ಲಿರೋದು ನಂಬರಾ ಅಲ್ವಾ ಅಂತ ಹೇಳೋ ಇಸ್‌ನಂಬರ್ ಫಂಕ್ಷನ್ ಹಾಕಿ ಕೆಳಗಿನ ತನಕ ಎಳೆದೆ, ಫಾಲ್ಸ್ ಬಂದಿದ್ದನ್ನ ಮಾತ್ರ ಫಿಲ್ಟರ್ ಮಾಡ್ದೆ. (ಇಲ್ಲಿ ಓದೋಕೆ ಅನುಕೂಲ ಅಂತ ಫಂಕ್ಷನ್ ಹೆಸರುಗಳನ್ನ ಕನ್ನಡದಲ್ಲಿ ಬರೀತಿದೀನಿ, ಸೆಲ್ಲಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕ್ಬೇಕು.)

ಫಿಲ್ಟರಲ್ಲಿ ಸಿಕ್ಕಿದ್ದರಲ್ಲಿ ಒಂದು ಸೆಲ್ ಬಗ್ಗೆ ಹೇಳ್ಲೇಬೇಕು. ನೋಡೋಕೆ ಪಕ್ಕಾ −1,200.50, ಮೇಲಿನ ಸಾಲಿನ -1,200.50 ಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಬಹಳ ಹತ್ತಿರದಿಂದ ನೋಡಿದ್ರೆ ಗೆರೆ ಒಂಚೂರು ಉದ್ದ ಅನ್ಸತ್ತೆ ಅಷ್ಟೆ. ಯೂನಿಕೋಡ್ ಅನ್ನೋ ಫಂಕ್ಷನ್ ಕೊಟ್ಟು ಮೊದಲ ಅಕ್ಷರ ಯಾವುದು ಅಂತ ಕೇಳಿದ್ರೆ 8722 ಅಂತ ಬಂತು. ಕೀಬೋರ್ಡಲ್ಲಿ ನಾವು ಒತ್ತೋ ಹೈಫನ್-ಮೈನಸ್‌ನ ನಂಬರು 45. 8722 ಅಂದ್ರೆ ಗಣಿತದ ಮೈನಸ್ ಚಿಹ್ನೆ, ಪಿಡಿಎಫ್ ಮತ್ತೆ ವೆಬ್‌ಪೇಜುಗಳಲ್ಲಿ ಚೆನ್ನಾಗಿ ಕಾಣ್ಲಿ ಅಂತ ಬಳಸ್ತಾರೆ, ಅಚ್ಚಿಗೆ ಅದು ಸರಿಯಾದ ಚಿಹ್ನೆಯೇ. ಆದ್ರೆ ಎಕ್ಸೆಲ್‌ಗೆ ಅದು ನಂಬರಿನ ಭಾಗ ಅಂತ ಗೊತ್ತಾಗಲ್ಲ, ಪೂರ್ತಿ ಸೆಲ್ಲನ್ನ ಟೆಕ್ಸ್ಟ್ ಅಂತ ಇಟ್ಕೊಳತ್ತೆ. ಮೂಲೆಯಲ್ಲಿ ಹಸಿರು ತ್ರಿಕೋನ ಬರತ್ತಲ್ಲ, ನಂಬರ್ ಟೆಕ್ಸ್ಟ್ ಆಗಿ ಕೂತಿದೆ ಅಂತ ಹೇಳೋದು, ಅದೂ ಇಲ್ಲಿ ಬರ್ಲಿಲ್ಲ, ಯಾಕಂದ್ರೆ ಎಕ್ಸೆಲ್ ಪ್ರಕಾರ ಇದು ನಂಬರಿನ ಹಾಗೆ ಕಾಣೋ ಟೆಕ್ಸ್ಟೂ ಅಲ್ಲ.

ಇದರಿಂದ ಲೆಕ್ಕಕ್ಕೆ ಏನಾಗತ್ತೆ ನೋಡಿ. ಮೂರು ಸೆಲ್ಲು ತಗೊಳ್ಳಿ: 5,000 ಜಮಾ, 2,300 ಜಮಾ, −1,200.50 ಖರ್ಚು. ಬರಬೇಕಾದ್ದು 6,099.50. ಸಮ್ ಹಾಕಿದ್ರೆ 7,300 ಬರತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಏನೂ ಇಲ್ಲ, ಯಾಕಂದ್ರೆ ಸಮ್ ಫಂಕ್ಷನ್ ರೇಂಜ್ ಒಳಗಿರೋ ಟೆಕ್ಸ್ಟ್ ಸೆಲ್ಲುಗಳನ್ನ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗತ್ತೆ. ಅದೇ ಮೂರು ಸೆಲ್ಲನ್ನ ಪ್ಲಸ್ ಚಿಹ್ನೆಯಿಂದ ಒಂದೊಂದಾಗಿ ಕೂಡಿದ್ರೆ ವ್ಯಾಲ್ಯೂ ಎರರ್ ಬರತ್ತೆ, ಆಗಾದ್ರೂ ಎಲ್ಲೋ ತೊಂದ್ರೆ ಇದೆ ಅಂತ ಗೊತ್ತಾಗತ್ತೆ. ಹಂಗಾಗಿ ಟೋಟಲ್ ಮೇಲೆ ಅನುಮಾನ ಬಂದಾಗ ಒಂದಿಷ್ಟು ಸೆಲ್ಲುಗಳನ್ನ ಪ್ಲಸ್ ಹಾಕಿ ಕೂಡಿ ನೋಡೋದು ಒಳ್ಳೆ ಪರೀಕ್ಷೆ. ಮತ್ತೆ ಟೆಕ್ಸ್ಟ್ ಆಗಿ ಹೋಗಿರೋವು ಹೆಚ್ಚಾಗಿ ಮೈನಸ್ ಸೆಲ್ಲುಗಳೇ, ಅದ್ರಿಂದ ತಪ್ಪೂ ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲತ್ತೆ, ಕೈಯಲ್ಲಿ ಇಲ್ಲದ ದುಡ್ಡು ಇದೆ ಅಂತ ಶೀಟು ತೋರಿಸತ್ತೆ. ಈ ರಿಪೇರಿ ಬರೀ ಅಂದಚಂದದ ಕೆಲಸ ಅಲ್ಲ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಕ್ಲೀನ್ ಮಾಡೋ ಕೆಲಸ ಮೂಲ ಕಾಲಮ್ ಮೇಲೆ ಮಾಡ್ಲಿಲ್ಲ, ಪಕ್ಕದಲ್ಲಿ ಒಂದು ಹೆಲ್ಪರ್ ಕಾಲಮ್ ಮಾಡ್ಕೊಂಡೆ. ಒಂದು ಅಕ್ಷರದ ಬದಲು ಇನ್ನೊಂದು ಹಾಕೋ ಸಬ್‌ಸ್ಟಿಟ್ಯೂಟ್ ಫಂಕ್ಷನ್ ಒಳಗೆ ಸಬ್‌ಸ್ಟಿಟ್ಯೂಟ್ ಇಟ್ಟು ಮೊದಲು ಯೂನಿಕ್ಯಾರ್ 8722 ಇರೋ ಕಡೆ ಮಾಮೂಲಿ ಹೈಫನ್, ಆಮೇಲೆ ಕ್ಯಾರ್ 160 ಇರೋ ಕಡೆ ಏನೂ ಇಲ್ಲ, ಆಮೇಲೆ ಕರೆನ್ಸಿ ಚಿಹ್ನೆ ಇರೋ ಕಡೆ ಏನೂ ಇಲ್ಲ, ಇಷ್ಟಾದ್ಮೇಲೆ ಹೊರಗಡೆಯಿಂದ, ಟೆಕ್ಸ್ಟನ್ನ ನಂಬರ್ ಮಾಡೋ ವ್ಯಾಲ್ಯೂ ಫಂಕ್ಷನ್. ಕ್ಯಾರ್ 160 ಅಂದ್ರೆ ವೆಬ್‌ಪೇಜಿಂದ ಕಾಪಿ ಮಾಡಿದಾಗ ಜೊತೆಗೆ ಬರೋ ನಾನ್-ಬ್ರೇಕಿಂಗ್ ಸ್ಪೇಸು, ಅದನ್ನ ಟ್ರಿಮ್ ಫಂಕ್ಷನ್ ತೆಗೆಯಲ್ಲ, ಎಷ್ಟೋ ಜನ ಟ್ರಿಮ್ ಹಾಕಿ ಹಾಕಿ ಬೇಜಾರಾಗಿ ಬಿಡೋದು ಇದರಿಂದಲೇ. ಯೂನಿಕೋಡ್, ಯೂನಿಕ್ಯಾರ್ ಎರಡೂ ಎಕ್ಸೆಲ್ 2013ರಿಂದ ಇವೆ, ಅದಕ್ಕಿಂತ ಹಳೇದಾದ್ರೆ ಆ ಮೈನಸ್ ಚಿಹ್ನೆಯನ್ನ ಸೆಲ್ಲಿಂದಲೇ ಕಾಪಿ ಮಾಡಿ ಫೈಂಡ್-ರಿಪ್ಲೇಸ್ ಬಾಕ್ಸಲ್ಲಿ ಪೇಸ್ಟ್ ಮಾಡಿ ಬದಲಾಯಿಸಬೇಕು.

ಬ್ರ್ಯಾಕೆಟ್ ಒಳಗಿರೋ ಟೆಕ್ಸ್ಟ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಹಂಗಿಲ್ಲ. ಎಕ್ಸೆಲ್‌ಗೆ (1200.50) ಅಂದ್ರೆ ಮೈನಸ್ ಅಂತ ಗೊತ್ತು, ಸೆಲ್ಲಲ್ಲಿ ನೇರ ಹಂಗೇ ಟೈಪ್ ಮಾಡಿದ್ರೂ -1200.5 ಅಂತಲೇ ತಗೊಳತ್ತೆ, ವ್ಯಾಲ್ಯೂ ಫಂಕ್ಷನ್ನೂ ಹಾಗೇ. ಬಾಲದ ಮೈನಸ್ ಇರೋವಕ್ಕೆ ಟೆಕ್ಸ್ಟ್ ಟು ಕಾಲಮ್ಸ್ ಬಳಸ್ದೆ. ಡೇಟಾ ಮೆನುವಲ್ಲಿ ಅದನ್ನ ತೆಗೆದು, ಎರಡು ಸಲ ನೆಕ್ಸ್ಟ್ ಒತ್ತಿ ಮೂರನೇ ಹಂತಕ್ಕೆ ಹೋದ್ರೆ ಅಡ್ವಾನ್ಸ್ಡ್ ಅಂತ ಒಂದು ಬಟನ್ ಇದೆ, ಅದರೊಳಗೆ ಟ್ರೇಲಿಂಗ್ ಮೈನಸ್ ಫಾರ್ ನೆಗೆಟಿವ್ ನಂಬರ್ಸ್ ಅಂತ ಟಿಕ್ ಇರತ್ತೆ. ಅದೇ ಬಾಕ್ಸಲ್ಲಿ ದಶಮಾಂಶಕ್ಕೆ ಯಾವ ಚಿಹ್ನೆ, ಸಾವಿರಕ್ಕೆ ಯಾವ ಚಿಹ್ನೆ ಅಂತಾನೂ ಹೇಳ್ಬಹುದು, 1.234,50 ಥರ ಕಾಮಾ-ಚುಕ್ಕೆ ಅದಲುಬದಲಾಗಿ ಬರೋ ಫೈಲುಗಳಿಗೆ ಇದೇ ಜಾಗ. ಫಾರ್ಮುಲಾದಲ್ಲೇ ಮಾಡ್ಬೇಕು ಅಂದ್ರೆ ನಂಬರ್‌ವ್ಯಾಲ್ಯೂ ಅನ್ನೋ ಫಂಕ್ಷನ್ ಅದೇ ಎರಡು ಚಿಹ್ನೆಗಳನ್ನ ಕೇಳತ್ತೆ.

ಕಾಲಮ್ಮನ್ನೇ ಮೊದಲು ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಇಟ್ಟು ಆಮೇಲೆ ಟೈಪ್ ಮಾಡಿದ್ದಿದ್ರೆ, ಅದನ್ನ ಜನರಲ್‌ಗೆ ಬದಲಾಯಿಸಿದ ಮಾತ್ರಕ್ಕೆ ಒಳಗಿರೋದು ನಂಬರ್ ಆಗಲ್ಲ. ಮತ್ತೆ ಎಂಟರ್ ಒತ್ತಬೇಕು, ಇಲ್ಲಾಂದ್ರೆ ಟೆಕ್ಸ್ಟ್ ಟು ಕಾಲಮ್ಸ್ ಒಂದು ಸಲ ಓಡಿಸ್ಬೇಕು.

ಇನ್ನು ಕೆಂಪಿಂದು. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ. ಕೆಂಪಕ್ಷರ ಎರಡು ಕಾರಣಕ್ಕೆ ಬಂದಿರಬಹುದು. ಒಂದು, ಒಳಗೆ ನಿಜವಾಗ್ಲೂ -1200.5 ಇದೆ, ನಂಬರ್ ಫಾರ್ಮ್ಯಾಟ್ ಅದನ್ನ ಮೈನಸ್ ತೆಗೆದು ಕೆಂಪಲ್ಲಿ ತೋರಿಸ್ತಿದೆ. ಎಕ್ಸೆಲ್‌ನ ನಂಬರ್ ಮತ್ತೆ ಕರೆನ್ಸಿ ಪಟ್ಟಿಯಲ್ಲೇ ಇಂಥ ಆಯ್ಕೆ ಇದೆ, ಚಿಹ್ನೆ ಇಲ್ಲ, ಬ್ರ್ಯಾಕೆಟ್ ಇಲ್ಲ, ಬಣ್ಣ ಮಾತ್ರ. ಎರಡು, ಯಾರೋ 1200.50 ಅಂತ ಪ್ಲಸ್ ಆಗಿಯೇ ಟೈಪ್ ಮಾಡಿ, ಇದು ಖರ್ಚು ಅಂತ ಗುರುತಿಗೆ ಫಾಂಟ್ ಕಲರ್ ಕೆಂಪು ಮಾಡಿದ್ದಾರೆ. ಎರಡೂ ಪರದೆ ಮೇಲೆ ಒಂದೇ ಥರ ಕಾಣತ್ತೆ, ಆದ್ರೆ ಟೋಟಲ್‌ಗೆ ಒಂದು ಕಳೀತದೆ ಇನ್ನೊಂದು ಕೂಡ್ತದೆ, ಅಂದ್ರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು. ಬೇರ್ಪಡಿಸೋ ದಾರಿ ಸುಲಭ: ಮೊದಲೇ ಎಲ್ಲವನ್ನೂ ಜನರಲ್‌ಗೆ ಇಳಿಸಿದ್ದೆ ಅಲ್ವಾ, ಆಗ ಫಾರ್ಮ್ಯಾಟ್‌ನಿಂದ ಬಂದಿದ್ದ ಕೆಂಪು ಹೋಗಿ ಮೈನಸ್ ಚಿಹ್ನೆ ತಾನಾಗೇ ಕಾಣಿಸ್ಕೊಳತ್ತೆ. ಅದಾದ್ಮೇಲೂ ಕೆಂಪಾಗೇ ಉಳಿದಿದ್ದು ಕೈಯಲ್ಲಿ ಬಳಿದ ಬಣ್ಣ. ಫಾಂಟ್ ಕಲರ್ ಪ್ರಕಾರ ಸಾರ್ಟ್ ಮಾಡಿ ಅವನ್ನೆಲ್ಲ ಮೇಲೆ ಒಟ್ಟಿಗೆ ತಂದೆ. ಒಂದೊಂದನ್ನೂ ವಿವರದ ಕಾಲಮ್ ಜೊತೆ ಓದಿ ನಿಜವಾಗ್ಲೂ ಖರ್ಚೇನಾ ಅಂತ ಖಾತ್ರಿ ಮಾಡ್ಕೊಂಡು, ಖಾಲಿ ಸೆಲ್ಲಲ್ಲಿ -1 ಬರೆದು ಕಾಪಿ ಮಾಡಿ, ಆ ಸೆಲ್ಲುಗಳ ಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ಮಲ್ಟಿಪ್ಲೈ ಕೊಟ್ಟೆ. ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅನ್ನೋದನ್ನೂ ಜೊತೆಗೆ ಟಿಕ್ ಮಾಡಿದ್ರೆ ಫಾರ್ಮ್ಯಾಟ್ ಹಾಳಾಗಲ್ಲ. ಆಮೇಲೆ ಕ್ರಮಸಂಖ್ಯೆ ಪ್ರಕಾರ ವಾಪಸ್ ಸಾರ್ಟ್.

ಬಣ್ಣ ಒಂದನ್ನೇ ನಂಬಿ ಮೈನಸ್ ತೋರಿಸೋದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕಪ್ಪು-ಬಿಳುಪಲ್ಲಿ ಪ್ರಿಂಟ್ ತೆಗೆದ್ರೆ ಖರ್ಚೆಲ್ಲ ಜಮಾ ಥರ ಕಾಣತ್ತೆ, ಜೆರಾಕ್ಸ್ ಮಾಡಿದ್ರೂ ಅಷ್ಟೇ, ಕೆಂಪು-ಹಸಿರು ಗುರುತಿಸೋಕೆ ಕಷ್ಟ ಇರೋರು ಓದಿದ್ರೂ ಅಷ್ಟೇ. ಕೆಂಪು ಬೇಕಿದ್ರೆ ಇರ್ಲಿ, ಚಿಹ್ನೆಯೋ ಬ್ರ್ಯಾಕೆಟ್ಟೋ ಜೊತೆಗೆ ಇರ್ಲೇಬೇಕು.

ಇಲ್ಲಿಗೆ ಟೋಟಲ್ ತಾಳೆ ಆಯ್ತು. ಅಖೈರು ಶಿಲ್ಕು ಪೈಸೆ ಸಮೇತ ಸ್ಟೇಟ್‌ಮೆಂಟ್ ಜೊತೆ ಕೂತ್ಕೊಳ್ತು. ಈಗ ಕೇಳಿದ್ದ ಕೆಲಸ, ಅಂದ್ರೆ ಫಾರ್ಮ್ಯಾಟು.

ಕಂಟ್ರೋಲ್ ಮತ್ತೆ 1 ಒತ್ತಿದ್ರೆ ಫಾರ್ಮ್ಯಾಟ್ ಸೆಲ್ಸ್ ತೆರ್ಕೊಳತ್ತೆ. ಅಲ್ಲಿ ಕರೆನ್ಸಿ ಅಂತ ಆರಿಸಿದ್ರೆ ಮೈನಸ್ ಹೇಗೆ ತೋರಿಸ್ಬೇಕು ಅಂತ ಪಟ್ಟಿ ಬರತ್ತೆ. ಎಷ್ಟೋ ಜನ "ನನ್ನ ಪಟ್ಟೀಲಿ ಬ್ರ್ಯಾಕೆಟ್ ಇರೋ ಆಯ್ಕೆನೇ ಇಲ್ಲ, ಪಕ್ಕದವರ ಸಿಸ್ಟಮ್ಮಲ್ಲಿ ಇದೆ" ಅಂತ ಕೇಳ್ತಾರೆ. ಕಾರಣ ಎಕ್ಸೆಲ್ ಅಲ್ಲ. ಆ ಪಟ್ಟಿ ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡ್ಕೊಂಡು ತಯಾರಾಗತ್ತೆ. ಕಂಟ್ರೋಲ್ ಪ್ಯಾನೆಲಲ್ಲಿ ರೀಜನ್, ಅಡಿಷನಲ್ ಸೆಟ್ಟಿಂಗ್ಸ್, ಕರೆನ್ಸಿ ಟ್ಯಾಬ್, ಅಲ್ಲಿ ನೆಗೆಟಿವ್ ಕರೆನ್ಸಿ ಫಾರ್ಮ್ಯಾಟ್ ಅಂತ ಇದೆ, ಅದನ್ನ ಬ್ರ್ಯಾಕೆಟ್ ಇರೋದಕ್ಕೆ ಬದಲಾಯಿಸಿ ಎಕ್ಸೆಲ್ ಮುಚ್ಚಿ ತೆಗೆದ್ರೆ ಬರತ್ತೆ. ಕರೆನ್ಸಿ ಚಿಹ್ನೆ ಮುಂದೆ ಮೈನಸ್, ಚಿಹ್ನೆ ಆದ್ಮೇಲೆ ಮೈನಸ್, ಕೊನೇಲಿ ಮೈನಸ್, ಮಧ್ಯ ಒಂದು ಸ್ಪೇಸ್ ಹಾಕಿ ಮೈನಸ್, ಬ್ರ್ಯಾಕೆಟ್ಟು, ಹೀಗೆ ವಿಂಡೋಸ್ ಇದಕ್ಕೆ 0 ಇಂದ 15ರ ತನಕ ನಂಬರ್ ಕೊಟ್ಟಿಟ್ಟಿದೆ, ಮೈನಸ್ ದುಡ್ಡನ್ನ ಬರಿಯೋ ರೀತಿ ಅಷ್ಟೊಂದಿದೆ.

ಆದ್ರೆ ಸೆಟ್ಟಿಂಗ್ ಬದಲಾಯಿಸೋ ದಾರಿ ಹಂಚ್ಕೊಳ್ಳೋ ಫೈಲಿಗೆ ಸರಿ ಹೋಗಲ್ಲ. ಬಿಲ್ಟ್-ಇನ್ ಕರೆನ್ಸಿ ಫಾರ್ಮ್ಯಾಟು ತೆರೆಯೋ ಮೆಷಿನ್‌ನ ಸೆಟ್ಟಿಂಗ್ ಪ್ರಕಾರ ರೂಪ ಬದಲಾಯಿಸ್ಬಹುದು, ನಿಮ್ಮಲ್ಲಿ ಬ್ರ್ಯಾಕೆಟ್ ಕಂಡಿದ್ದು ಇನ್ನೊಬ್ರಲ್ಲಿ ಮೈನಸ್ ಆಗಿ ಕಾಣತ್ತೆ. ಕಸ್ಟಮ್ ಕೋಡ್ ಬರೆದ್ರೆ ಬ್ರ್ಯಾಕೆಟ್ ಬ್ರ್ಯಾಕೆಟ್ಟಾಗೇ ಉಳಿಯತ್ತೆ. ಹಂಗಾಗಿ ಕಸ್ಟಮ್‌ಗೆ ಹೋದೆ.

ಕಸ್ಟಮ್ ಕೋಡಲ್ಲಿ ನಾಲ್ಕು ಭಾಗ ಬರೀಬಹುದು, ನಡುವೆ ಸೆಮಿಕೋಲನ್. ಮೊದಲನೇದು ಪ್ಲಸ್‌ಗೆ, ಎರಡನೇದು ಮೈನಸ್‌ಗೆ, ಮೂರನೇದು ಸೊನ್ನೆಗೆ, ನಾಲ್ಕನೇದು ಟೆಕ್ಸ್ಟ್‌ಗೆ. ಒಂದೇ ಭಾಗ ಬರೆದ್ರೆ ಎಲ್ಲಾ ನಂಬರಿಗೂ ಅದೇ, ಮೈನಸ್ ಚಿಹ್ನೆಯನ್ನ ಎಕ್ಸೆಲ್ಲೇ ಹಾಕತ್ತೆ. ಎರಡು ಬರೆದ್ರೆ ಸೊನ್ನೆ ಮೊದಲನೇದಕ್ಕೆ ಸೇರ್ಕೊಳತ್ತೆ. ಮುಖ್ಯವಾದ್ದು ಇದು: ಎರಡನೇ ಭಾಗ ನೀವು ಬರೆದ್ರಿ ಅಂದ್ರೆ ಮೈನಸ್ ತೋರಿಸೋ ಜವಾಬ್ದಾರಿ ನಿಮ್ದು. #,##0.00;#,##0.00 ಅಂತ ಬರೆದ್ರೆ -1200.5 ಕೂಡ 1,200.50 ಅಂತಲೇ ಕಾಣತ್ತೆ, ಚಿಹ್ನೆ ಮಾಯ. ಎರಡನೇ ಭಾಗದಲ್ಲಿ -#,##0.00 ಅಂತಲೋ (#,##0.00) ಅಂತಲೋ ಕೈಯಾರೆ ಹಾಕ್ಲೇಬೇಕು.

ಮೊದಲು ಇದನ್ನ ಹಾಕಿ ನೋಡ್ದೆ:

#,##0.00;(#,##0.00)

ಕೆಲಸ ಮಾಡತ್ತೆ, ಆದ್ರೆ ಕಾಲಮ್ ಕೆಳಗಿನ ತನಕ ನೋಡಿದ್ರೆ ದಶಮಾಂಶದ ಚುಕ್ಕೆಗಳು ಒಂದೇ ಗೆರೆಯಲ್ಲಿ ಇಲ್ಲ. 2,300.00 ಸೆಲ್ಲಿನ ಬಲ ಅಂಚಿಗೆ ತಾಗಿ ನಿಂತಿದೆ, (1,200.50) ದಲ್ಲಿ ಅಂಚಿಗೆ ತಾಗಿರೋದು ಮುಚ್ಚೋ ಬ್ರ್ಯಾಕೆಟ್ಟು, ಹಂಗಾಗಿ ಅಂಕಿಗಳು ಒಂದು ಬ್ರ್ಯಾಕೆಟ್‌ನಷ್ಟು ಎಡಕ್ಕೆ ಸರಿದಿವೆ. ಉದ್ದ ಕಾಲಮ್ಮಲ್ಲಿ ಕಣ್ಣು ಮೇಲಿಂದ ಕೆಳಗೆ ಇಳಿಯುವಾಗ ಇದು ನಿಜಕ್ಕೂ ಅಡ್ಡ ಬರತ್ತೆ, ಸಾವಿರದ ಸ್ಥಾನ ನೂರರ ಸ್ಥಾನದ ಮೇಲೆ ಬಿದ್ದ ಹಂಗೆ ಅನ್ಸತ್ತೆ. ಇದಕ್ಕೆ ಪರಿಹಾರ ಅಂಡರ್‌ಸ್ಕೋರು. ಕೋಡಲ್ಲಿ ಅಂಡರ್‌ಸ್ಕೋರ್ ಆದ್ಮೇಲೆ ಯಾವ ಅಕ್ಷರ ಬರೀತೀರೋ ಆ ಅಕ್ಷರದ ಅಗಲದಷ್ಟು ಖಾಲಿ ಜಾಗ ಬಿಡತ್ತೆ, ಅಕ್ಷರವನ್ನ ಮಾತ್ರ ತೋರಿಸಲ್ಲ. ಪ್ಲಸ್ ಭಾಗದ ಕೊನೆಗೆ _) ಸೇರಿಸಿದ್ರೆ, ಬರದೇ ಇರೋ ಬ್ರ್ಯಾಕೆಟ್‌ಗೆ ಜಾಗ ಬಿಟ್ಟ ಹಾಗಾಗತ್ತೆ, ಚುಕ್ಕೆಗಳೆಲ್ಲ ಒಂದರ ಕೆಳಗೊಂದು ಬಂದು ಕೂತ್ಕೊಳತ್ವೆ. ಸ್ಪೇಸ್ ಬಾರ್ ಒತ್ತಿ ಅಂದಾಜಲ್ಲಿ ಜಾಗ ಬಿಡೋದಕ್ಕಿಂತ ಇದು ಎಷ್ಟೋ ಮೇಲು, ಫಾಂಟ್ ಬದಲಾದ್ರೂ ಅಗಲ ತಾನಾಗೇ ಹೊಂದ್ಕೊಳತ್ತೆ.

ಸೊನ್ನೆಗೆ 0.00 ಅಂತ ಸಾಲುಸಾಲು ಬರೋದು ಬೇಡ ಅಂತ ಅಡ್ಡಗೆರೆ ಇಟ್ಟೆ. "-"?? ಅಂತ ಬರೆದ್ರೆ ಪ್ರಶ್ನಾರ್ಥಕ ಚಿಹ್ನೆ ಒಂದೊಂದೂ ಒಂದು ಅಂಕಿಯ ಜಾಗ ಬಿಡತ್ತೆ, ಗೆರೆ ಅಂಚಿಗೆ ಹೋಗಿ ಅಂಟದೆ ಚುಕ್ಕೆಯ ಹತ್ರ ನಿಲ್ಲತ್ತೆ. ಕೊನೆಗೆ ನಿಂತಿದ್ದು ಹೀಗೆ:

#,##0.00_);[ರೆಡ್](#,##0.00);"-"??_);@_)

ಚೌಕ ಬ್ರ್ಯಾಕೆಟ್ ಒಳಗಿನ ಬಣ್ಣದ ಹೆಸರನ್ನ ಇಂಗ್ಲಿಷಲ್ಲಿ ಬರೀಬೇಕು, ಆ ಭಾಗದ ಮೊದಲಿಗೇ ಇರ್ಬೇಕು. ಹೆಸರಿಂದ ಕರೆಯೋಕೆ ಇರೋದು 8 ಬಣ್ಣ, ಆ ಮಾಮೂಲಿ ಕೆಂಪು ಪರದೆ ಮೇಲೆ ಸ್ವಲ್ಪ ಕಣ್ಣಿಗೆ ಹೊಡಿಯತ್ತೆ. ಅದು ಬೇಡ ಅಂದ್ರೆ ಕಲರ್ ಅನ್ನೋ ಪದಕ್ಕೆ ಅಂಟಿಸಿ 1 ಇಂದ 56ರ ತನಕ ಯಾವುದಾದ್ರೂ ನಂಬರ್ ಹಾಕಿ ಬೇರೆ ಬಣ್ಣ ತಗೋಬಹುದು.

ಕರೆನ್ಸಿ ಚಿಹ್ನೆಯನ್ನ ಪ್ರತಿ ಸಾಲಿಗೂ ಹಾಕ್ಲಿಲ್ಲ. ಟೋಟಲ್ ಸಾಲಿಗೆ ಮಾತ್ರ ಸಾಕು, ಎಲ್ಲಾ ಸಾಲಲ್ಲೂ ಇದ್ರೆ ಅಂಕಿಗಿಂತ ಚಿಹ್ನೆಗಳೇ ಜಾಸ್ತಿ ಕಾಣತ್ವೆ. ಟೋಟಲ್‌ಗೆ ಅಕೌಂಟಿಂಗ್ ಮಾದರಿ ಕೊಟ್ಟೆ:

_("₹"* #,##0.00_);_("₹"* (#,##0.00);_("₹"* "-"??_);_(@_)

ಇಲ್ಲಿ ನಕ್ಷತ್ರ ಚಿಹ್ನೆಯ ಕೆಲಸ ಏನಂದ್ರೆ, ಅದರ ಮುಂದಿನ ಅಕ್ಷರವನ್ನ ಸೆಲ್ ತುಂಬೋ ತನಕ ಮತ್ತೆ ಮತ್ತೆ ಹಾಕತ್ತೆ. ಮುಂದಿರೋದು ಸ್ಪೇಸ್, ಹಂಗಾಗಿ ಕರೆನ್ಸಿ ಚಿಹ್ನೆ ಎಡ ಅಂಚಿಗೆ, ಅಂಕಿ ಬಲ ಅಂಚಿಗೆ. ಬೇರೆ ಕರೆನ್ಸಿಯಾದ್ರೆ ಕೋಟ್ ಒಳಗಿನ ಚಿಹ್ನೆ ಬದಲಾಯಿಸಿದ್ರಾಯ್ತು.

ಕಾಮಾ ಲಕ್ಷ-ಕೋಟಿ ಲೆಕ್ಕದಲ್ಲಿ ಬೀಳ್ಲಿ ಅಂತ ಷರತ್ತು ಹಾಕಿದ ಕೋಡೊಂದನ್ನ ತುಂಬಾ ಜನ ಕಾಪಿ ಮಾಡಿ ಬಳಸ್ತಾರೆ, [>=10000000] ಅಂತ ಶುರುವಾಗಿ ಆಮೇಲೆ [>=100000] ಬರೋದು. ಪ್ಲಸ್ ಮೊತ್ತಕ್ಕೆ ಅದು ಚೆನ್ನಾಗೇ ಇದೆ. ಆದ್ರೆ ಒಂದು ಕೋಡಲ್ಲಿ ಷರತ್ತಿಗೆ ಎರಡೇ ಜಾಗ, ಎರಡನ್ನೂ ಪ್ಲಸ್ ಮೊತ್ತಗಳೇ ತಗೊಂಡ್ಬಿಡತ್ವೆ, ಮೈನಸ್ ಎಲ್ಲ ಹೋಗಿ ಮೂರನೇ "ಉಳಿದಿದ್ದೆಲ್ಲ" ಭಾಗಕ್ಕೆ ಬೀಳತ್ತೆ. ಆಗ ಜಮಾ 12,50,000.00 ಅಂತ, ಅದೇ ಮೊತ್ತದ ಖರ್ಚು -1,250,000.00 ಅಂತ, ಒಂದೇ ಕಾಲಮ್ಮಲ್ಲಿ ಎರಡು ಥರ ಕಾಮಾ. ಈ ಫೈಲಲ್ಲೂ ಒಂದು ಶೀಟಲ್ಲಿ ಹಾಗೇ ಆಗಿತ್ತು, ತೆಗೆದು ಹಾಕ್ದೆ. ವಿಂಡೋಸ್ ರೀಜನ್ ಸೆಟ್ಟಿಂಗಲ್ಲಿ ಡಿಜಿಟ್ ಗ್ರೂಪಿಂಗ್ ಅನ್ನೋದನ್ನ 12,34,56,789 ಕ್ಕೆ ಇಟ್ರೆ ಮಾಮೂಲಿ #,##0 ಕೋಡೇ ಪ್ಲಸ್‌ಗೂ ಮೈನಸ್‌ಗೂ ಸರಿಯಾಗಿ ಕಾಮಾ ಹಾಕತ್ತೆ. ಅದು ಆ ಮೆಷಿನ್‌ಗೆ ಸೇರಿದ ಸೆಟ್ಟಿಂಗ್ ಅನ್ನೋದು ನೆನಪಿರ್ಲಿ, ಫೈಲ್ ಜೊತೆ ಹೋಗಲ್ಲ.

ಫಾರ್ಮ್ಯಾಟ್ ಹಾಕಿದ್ಮೇಲೆ ಒಂದೆರಡು ಕಡೆ (0.00) ಅಂತ ಕೆಂಪಲ್ಲಿ ಕಾಣಿಸ್ತು. ಬಾಕಿ ಸೊನ್ನೆ ಆಗ್ಬೇಕಾದ ಜಾಗ, ಅಡ್ಡಗೆರೆ ಬರ್ಬೇಕಿತ್ತು. ಇದು ಫಾರ್ಮ್ಯಾಟ್‌ನ ದೋಷ ಅಲ್ಲ. ಸ್ಪ್ರೆಡ್‌ಶೀಟ್ ನಂಬರುಗಳನ್ನ ಒಳಗೆ ಬೈನರಿಯಲ್ಲಿ ಇಡತ್ತೆ, 0.1, 0.4 ಥರದ ದಶಮಾಂಶಗಳು ಬೈನರಿಯಲ್ಲಿ ನಿಖರವಾಗಿ ಕೂರಲ್ಲ, ಎಲ್ಲೋ ಬಹಳ ಹಿಂದೆ ಒಂದು ಚೂರು ಉಳ್ಕೊಳತ್ತೆ. ನೀವೇ ನೋಡ್ಬೇಕಂದ್ರೆ ಒಂದು ಸೆಲ್ಲಲ್ಲಿ =1*(0.5-0.4-0.1) ಹಾಕಿ. ಸೊನ್ನೆ ಬರ್ಬೇಕು, ಬರೋದು ಮೈನಸ್ 2.78 ಗುಣಿಲೆ 10ರ ಮೈನಸ್ 17ನೇ ಘಾತ. ಅಂದ್ರೆ ಸೊನ್ನೆಗಿಂತ ಲವಲೇಶ ಕಮ್ಮಿ, ಆದ್ರೂ ಮೈನಸ್ಸೇ. ಎಕ್ಸೆಲ್ ಯಾವ ಭಾಗ ಬಳಸ್ಬೇಕು ಅಂತ ಒಳಗಿನ ಬೆಲೆ ನೋಡಿ ತೀರ್ಮಾನ ಮಾಡತ್ತೆ, ಎರಡನೇ ಭಾಗಕ್ಕೆ ಕಳಿಸತ್ತೆ, ಅಲ್ಲಿ ಎರಡು ದಶಮಾಂಶಕ್ಕೆ ಇಳಿಸಿದಾಗ (0.00) ಆಗತ್ತೆ. ಲೆಕ್ಕ ಓದೋರಿಗೆ ಇದು ತುಂಬಾ ಗಾಬರಿ ಹುಟ್ಟಿಸತ್ತೆ, ಏನೋ ಬಾಕಿ ಉಳ್ಕೊಂಡಿದೆ ಅನ್ಸತ್ತೆ. ಬಾಕಿ ಲೆಕ್ಕ ಹಾಕೋ ಫಾರ್ಮುಲಾನ ರೌಂಡ್ ಒಳಗಿಟ್ಟು 2 ಅಂತ ಕೊಟ್ಟೆ, ಚೂರು ಅಲ್ಲೇ ಉದುರೋಗತ್ತೆ, ಗೆರೆ ಬರತ್ತೆ. ದುಡ್ಡಿನ ವ್ಯವಕಲನ ಇರೋ ಕಡೆಯೆಲ್ಲ ರೌಂಡ್ ಇರ್ಲಿ. ದಶಮಾಂಶ ಕಮ್ಮಿ ಮಾಡೋ ಬಟನ್ ಒತ್ತಿದ್ರೆ ಕಾಣೋದು ಮಾತ್ರ ಕಮ್ಮಿಯಾಗತ್ತೆ, ಚೂರು ಒಳಗೆ ಹಾಗೇ ಇರತ್ತೆ.

ಕೋಡನ್ನ ಒಂದೊಂದೇ ಕಾಲಮ್‌ಗೆ ಹಾಕ್ತಾ ಹೋಗೋ ಬದಲು ಸೆಲ್ ಸ್ಟೈಲ್ಸ್‌ನಲ್ಲಿ ಹೊಸ ಸ್ಟೈಲ್ ಮಾಡಿ "ಮೊತ್ತ" ಅಂತ ಹೆಸರಿಟ್ಟೆ, ಟೋಟಲ್ ಸಾಲಿಗೆ "ಮೊತ್ತ ಒಟ್ಟು". ನಾಳೆ ಕೆಂಪು ಬೇಡ ಅಂದ್ರೆ ಸ್ಟೈಲ್ ಒಂದನ್ನ ತಿದ್ದಿದ್ರೆ ಎಲ್ಲಾ ಶೀಟಲ್ಲೂ ಬದಲಾಗತ್ತೆ. ಕಸ್ಟಮ್ ಕೋಡುಗಳು ಆ ವರ್ಕ್‌ಬುಕ್‌ಗೆ ಮಾತ್ರ ಸೇರಿದ್ದು, ಹೊಸ ಫೈಲಲ್ಲಿ ಪಟ್ಟಿಯಲ್ಲಿ ಸಿಗಲ್ಲ, ಅದಕ್ಕೆ ಖಾಲಿ ಟೆಂಪ್ಲೇಟ್ ಒಂದನ್ನೂ ಉಳಿಸಿ ಕೊಟ್ಟೆ. ಪಿವಟ್ ಟೇಬಲಲ್ಲಿ (ಸಾಲುಗಳನ್ನ ಗುಂಪು ಮಾಡಿ ಒಟ್ಟು ತೋರಿಸೋ ಪಟ್ಟಿ) ಸೆಲ್ಲುಗಳಿಗೆ ಮೇಲಿಂದ ಫಾರ್ಮ್ಯಾಟ್ ಕೊಡ್ಬೇಡಿ, ವ್ಯಾಲ್ಯೂ ಫೀಲ್ಡ್ ಸೆಟ್ಟಿಂಗ್ಸ್ ಒಳಗಿನ ನಂಬರ್ ಫಾರ್ಮ್ಯಾಟ್ ಬಟನ್‌ನಿಂದ ಕೊಡಿ, ರಿಫ್ರೆಶ್ ಆದ್ರೂ ಉಳಿಯತ್ತೆ.

ವರದಿ ಶೀಟಲ್ಲಿ "ಈ ತಿಂಗಳ ಶಿಲ್ಕು: " ಅಂತ ಬರೆದು ಆಂಪರ್‌ಸ್ಯಾಂಡ್ ಹಾಕಿ ಸೆಲ್ ಜೋಡಿಸಿದ್ರು. ಹಂಗೆ ಜೋಡಿಸಿದ ಕೂಡ್ಲೇ ಫಾರ್ಮ್ಯಾಟ್ ಕಳಚ್ಕೊಂಡು -1200.5 ಅಂತ ಬರತ್ತೆ. ಟೆಕ್ಸ್ಟ್ ಫಂಕ್ಷನ್ ಒಳಗೆ ಸೆಲ್ಲನ್ನೂ "#,##0.00;(#,##0.00)" ಅನ್ನೋ ಕೋಡನ್ನೂ ಕೊಟ್ರೆ ಬ್ರ್ಯಾಕೆಟ್ ವಾಪಸ್ ಬರತ್ತೆ, ಬಣ್ಣ ಮಾತ್ರ ಬರಲ್ಲ. ಟೆಕ್ಸ್ಟ್ ಫಂಕ್ಷನ್‌ನಿಂದ ಬಂದಿದ್ದು ಅಕ್ಷರವೇ, ಅದನ್ನ ಮತ್ತೆ ಯಾವ ಟೋಟಲ್‌ಗೂ ಸೇರಿಸ್ಬಾರ್ದು.

ಹೊರಗೆ ಕಳಿಸೋ ಸಿಎಸ್‌ವಿ (ಬರೀ ಟೆಕ್ಸ್ಟಾಗಿ, ಕಾಮಾ ಹಾಕಿ ಬೇರ್ಪಡಿಸಿ ಉಳಿಸೋ ಫೈಲು) ಬಗ್ಗೆ ಸ್ವಲ್ಪ ಜಾಸ್ತಿ ಯೋಚಿಸ್ಬೇಕಾಯ್ತು. ಎಕ್ಸೆಲ್ ಸಿಎಸ್‌ವಿಯಾಗಿ ಉಳಿಸುವಾಗ ಒಳಗಿನ ಬೆಲೆ ಬರೆಯಲ್ಲ, ಪರದೆ ಮೇಲೆ ಹೇಗೆ ಕಾಣತ್ತೋ ಹಾಗೇ ಬರೀತದೆ. -1200.5 ಹೋಗಿ ಕೋಟ್ ಒಳಗೆ "(1,200.50)" ಆಗತ್ತೆ, _) ಬಿಟ್ಟಿದ್ದ ಜಾಗ ನಿಜವಾದ ಸ್ಪೇಸ್ ಆಗತ್ತೆ, ಸೊನ್ನೆ ಇದ್ದಲ್ಲಿ ಬರೀ ಗೆರೆ. ದಶಮಾಂಶ ತೋರಿಸದ ಫಾರ್ಮ್ಯಾಟ್ ಇದ್ರೆ ಪೈಸೆಗಳೂ ಹೋಗ್ತವೆ. ಗೂಗಲ್ ಶೀಟ್ಸ್ ಕೂಡ ಕಾಣೋದನ್ನೇ ಡೌನ್‌ಲೋಡ್ ಮಾಡಿ ಕೊಡತ್ತೆ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಉಳಿಸುವಾಗ ಕಾಣೋ ಹಾಗೆ ಉಳಿಸ್ಬೇಕಾ ಅಂತ ಟಿಕ್ ಕೇಳತ್ತೆ, ತೆಗೆದ್ರೆ ಒಳಗಿನ ಬೆಲೆ ಬರತ್ತೆ, ಈ ವಿಷಯದಲ್ಲಿ ಅದು ನನಗೆ ತುಂಬಾ ಇಷ್ಟ. ಈ ಫೈಲಿಗೆ "ಎಕ್ಸ್‌ಪೋರ್ಟ್" ಅಂತ ಬೇರೆ ಶೀಟ್ ಮಾಡಿ, ಮೊತ್ತವನ್ನ ಮೂಲ ಶೀಟಿಂದ ಎಳ್ಕೊಂಡು, 0.00 ಅಂತ ಬರೀ ಒಂದು ಭಾಗದ ಫಾರ್ಮ್ಯಾಟ್ ಕೊಟ್ಟೆ. ಕಾಮಾ ಇಲ್ಲ, ಕರೆನ್ಸಿ ಚಿಹ್ನೆ ಇಲ್ಲ, ಬ್ರ್ಯಾಕೆಟ್ ಇಲ್ಲ, ಮುಂದೆ ಮಾಮೂಲಿ ಮೈನಸ್ಸು. ಮನುಷ್ಯರು ಓದೋ ಶೀಟು ಒಂದು, ಬೇರೆ ಪ್ರೋಗ್ರಾಮ್ ಓದೋ ಶೀಟು ಇನ್ನೊಂದು. ಬಾಲದ ಮೈನಸ್, ಉದ್ದ ಮೈನಸ್ ಈ ಫೈಲಿಗೆ ಬಂದಿದ್ದೂ ಬೇರೆ ಕಡೆಯಿಂದ ಹೀಗೇ ಕಾಣೋ ರೂಪದಲ್ಲಿ ಹೊರಗೆ ಬಂದಿದ್ರಿಂದ.

ಗೂಗಲ್ ಶೀಟ್ಸ್‌ಗೆ ಇದೇ ಫೈಲ್ ಏರಿಸಿ ನೋಡ್ದೆ, ನಾಲ್ಕು ಭಾಗದ ಕೋಡ್ ಅಲ್ಲೂ ಸರಿಯಾಗಿ ಬಂತು, ಫಾರ್ಮ್ಯಾಟ್ ಮೆನುವಲ್ಲಿ ನಂಬರ್, ಅದರೊಳಗೆ ಕಸ್ಟಮ್ ನಂಬರ್ ಫಾರ್ಮ್ಯಾಟ್. ಅಲ್ಲಿ ಕೋಡ್ ಬರೆಯೋಕೆ ಬೇಜಾರು ಅನ್ನೋರಿಗೆ ಫೈನಾನ್ಷಿಯಲ್ ಅಂತ ರೆಡಿ ಇರೋದೇ ಸಾಕು, ಕರೆನ್ಸಿ ಚಿಹ್ನೆ ಇಲ್ಲದೆ, ಮೈನಸ್ಸನ್ನ ಬ್ರ್ಯಾಕೆಟ್ಟಲ್ಲಿ ತೋರಿಸತ್ತೆ.

ಕೊನೆಗೆ ಮುಂದಕ್ಕೆ ಮತ್ತೆ ಟೆಕ್ಸ್ಟ್ ನುಸುಳದ ಹಂಗೆ ನೋಡ್ಕೋಬೇಕಿತ್ತು. ಡೇಟಾ ವ್ಯಾಲಿಡೇಷನ್‌ನಲ್ಲಿ ಡೆಸಿಮಲ್ ಮಾತ್ರ ಅಂತ ಕೊಟ್ಟೆ, ಆದ್ರೆ ಅದು ಟೈಪ್ ಮಾಡಿದ್ದನ್ನ ಮಾತ್ರ ತಡೀತದೆ, ಪೇಸ್ಟ್ ಮಾಡಿದ್ರೆ ದಾಟ್ಕೊಂಡು ಬಂದ್ಬಿಡತ್ತೆ. ಈ ಫೈಲಿಗೆ ತೊಂದ್ರೆ ಬಂದಿದ್ದೇ ಪೇಸ್ಟಿಂದ. ಹಂಗಾಗಿ ಕಂಡಿಷನಲ್ ಫಾರ್ಮ್ಯಾಟಿಂಗಲ್ಲಿ ಇಸ್‌ಟೆಕ್ಸ್ಟ್ ಟ್ರೂ ಆದ್ರೆ ಸೆಲ್ ಹಳದಿ ಆಗ್ಲಿ ಅಂತ ಕೊಟ್ಟೆ, ಮತ್ತೆ ಟೋಟಲ್ ಪಕ್ಕದಲ್ಲೇ ಒಂದು ಸೆಲ್ಲಲ್ಲಿ ಕೌಂಟ್‌ಎ ಇಂದ ಕೌಂಟ್ ಕಳೆದೆ. ಕೌಂಟ್‌ಎ ತುಂಬಿರೋ ಎಲ್ಲಾ ಸೆಲ್ ಎಣಿಸತ್ತೆ, ಕೌಂಟ್ ನಂಬರ್ ಇರೋದನ್ನ ಮಾತ್ರ ಎಣಿಸತ್ತೆ. ವ್ಯತ್ಯಾಸ ಸೊನ್ನೆ ಇದ್ರೆ "ಸರಿ" ಅಂತ, ಇಲ್ಲಾಂದ್ರೆ ಎಷ್ಟು ಸೆಲ್ ಲೆಕ್ಕಕ್ಕೆ ಸೇರಿಲ್ಲ ಅಂತ ತೋರಿಸತ್ತೆ. ಪೇಸ್ಟ್ ಮಾಡಿ ಆ ಹಳದಿ ಬಣ್ಣದ ನಿಯಮ ಅಳಿಸಿಹೋದ್ರೂ, ಟೋಟಲ್ ಪಕ್ಕದ ಈ ಸೆಲ್ ಅಳಿಸಿಹೋಗಲ್ಲ, ಅದನ್ನ ಲಾಕ್ ಮಾಡಿ ಶೀಟ್ ಪ್ರೊಟೆಕ್ಟ್ ಹಾಕಿದೀನಿ, ಮೊತ್ತ ತುಂಬೋ ಕಾಲಮ್ ಮಾತ್ರ ಅನ್‌ಲಾಕ್ ಇದೆ.